ಹೂಂಗುಟ್ಟದೆ ಉಳಿದ ಪುಟ

"ಅಲ್ಲಿ ನಿಲ್ಲಿಸಬ್ಯಾಡ ಟೀಚರವ್ವಾ." ದೇವಯ್ಯ ಮಲಗಿದ್ದಲ್ಲಿಂದಲೇ ಕೈ ಎತ್ತಿದರು. "ಕುದ್ರೆ ನೆಲಕ್ಕೆ ಬಿದ್ದದೆ. ಅದ್ನ ಹಂಗೇ ಬುಟ್ಟು ಪುಸ್ತಕ ಮುಚ್ಚಬಾರ್ದು."

ಮಹಾನಂದ ಮುಚ್ಚಿದ ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಗೋಡೆಯ ಗಡಿಯಾರ ನೋಡಿದಳು. ಆರಕ್ಕೆ ಹತ್ತು ನಿಮಿಷವಿತ್ತು. ಶ್ರಾವಣದ ಸಂಜೆ, ಮನೆಯಲ್ಲಿ ಅತ್ತೆ ಬಸವಮ್ಮ ಪೂಜೆಗೆ ಅಣಿಮಾಡಿಕೊಂಡು ಸೊಸೆಯ ಚಪ್ಪಲಿಯ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾರೆ.

"ಮುಂದಿನ ಪುಟದಲ್ಲೇ ಏಳತ್ತೆ ತಾತ. ನಾಳೆ ಓದ್ತೀನಿ."

"ನಾಳೆ ಏಳೋದಾದ್ರೆ ಇವತ್ತು ರಾತ್ರಿಯೆಲ್ಲ ಅದು ಕೆಸರಲ್ಲೇ ಬಿದ್ಕಂಡಿರಬೇಕಲ್ಲವ್ವಾ?"

ಮಹಾನಂದ ಮತ್ತೆ ಪುಸ್ತಕ ಬಿಚ್ಚಿದಳು. ಇಂಗ್ಲಿಷಿನ ಸಾಲನ್ನು ಕಣ್ಣಲ್ಲೇ ಓದಿಕೊಂಡು ಬಾಯಲ್ಲಿ ಕನ್ನಡ ಮಾಡಿ ಹೇಳತೊಡಗಿದಳು. ಕುದುರೆ ಮುಂಗಾಲು ಊರಿತು. "ಹೂಂ," ಎಂದರು ದೇವಯ್ಯ. ಎದ್ದು ನಿಂತು ಮೈ ಕೊಡವಿತು. "ಹೂಂ." ಬೇಲಿಯ ಪಕ್ಕದ ಹುಲ್ಲಿಗೆ ಬಾಯಿ ಹಾಕಿತು. "ಹೂಂ. ಈಗ ಮುಚ್ಚು. ಹುಲ್ಲಿಗೆ ಬಾಯಾಕ್ತು ಅಂದ್ರೆ ಜೀವಕ್ಕೇನೂ ಮೋಸ ಇಲ್ಲ."

ಎನ್.ಆರ್. ಕಾಲೋನಿಯ ಹಿಂದಿನ ಬೀದಿಯಲ್ಲಿ, ಹೆಂಚಿನ ಮನೆಗಳ ಒಂದು ಸಾಲು ಇನ್ನೂ ಉಳಿದಿತ್ತು. ಅದರ ಕೊನೆಯ ಮನೆ ದೇವಯ್ಯನವರದು. ಕಾರ್ಪೊರೇಷನ್ನಿನ ಪಾರ್ಕಿನಲ್ಲಿ ಮಾಲಿಯಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಅಂಜಮ್ಮ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಆ ವರ್ಷ ದೇವಯ್ಯನವರ ಎರಡು ಕಣ್ಣಿಗೂ ಪೊರೆ ಬಂದು, ಆಪರೇಷನ್ ಆಗಿ, ಹಣೆಯಿಂದ ಮೂಗಿನ ತನಕ ಬಿಳಿಯ ಪಟ್ಟಿ ಸುತ್ತಿ ಮನೆಗೆ ಕಳಿಸಿದ್ದರು. ಹತ್ತು ದಿನ ತಲೆ ಆಡಿಸಬಾರದು, ಕೆಮ್ಮಬಾರದು, ಬಗ್ಗಬಾರದು ಎಂದಿದ್ದ ಡಾಕ್ಟರು ಬಾಗಿಲವರೆಗೂ ಬಂದು ಇನ್ನೊಂದು ಮಾತು ಸೇರಿಸಿದ್ದರು: ಏನೇ ಆಗಲಿ ಅಳಬಾರದು. ಹೊಲಿಗೆ ಹಸಿಯಾಗಿರುತ್ತದೆ, ಕಣ್ಣೀರು ಒಳ್ಳೆಯದಲ್ಲ.

ಅಂಜಮ್ಮನಿಗೆ ಅಷ್ಟು ದಿನ ರಜೆ ಸಿಗಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯ ಲಕ್ಕಮ್ಮ ನೋಡಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಮಹಾನಂದ ಒಪ್ಪಿಕೊಂಡಳು. ಅವಳು ಅಲ್ಲೇ ಎರಡು ಬೀದಿಯಾಚೆಯ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಗಂಡನ ಮನೆಯವರದು ಕಾಟನ್‌ಪೇಟೆಯಲ್ಲಿ ಹಳೆಯ ವ್ಯಾಪಾರ. ನಾಲ್ಕೂವರೆಗೆ ಬಂದು ಆರಕ್ಕೆ ಎದ್ದು ಹೋಗುವುದು ಎಂದು ಮಾತಾಗಿತ್ತು.

ಮೊದಲ ದಿನ ಪತ್ರಿಕೆ ಓದಲು ಹೋದಳು. ದೇವಯ್ಯ ಬೇಡವೆಂದು ಕೈಯಾಡಿಸಿ, ದಿಂಬಿನ ಕೆಳಗಿನಿಂದ ಒಂದು ಪುಸ್ತಕ ಎಳೆದು ಕೊಟ್ಟರು. ಲಂಡನ್ನಿನಲ್ಲಿ ಅಚ್ಚಾದದ್ದು, ಮೂಲೆಗಳು ಸವೆದು ದುಂಡಗಾಗಿದ್ದವು, ಹಾಳೆಗಳು ಒಣಗಿದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ರಟ್ಟಿನ ಮೇಲೆ ಬೇಲಿ ಹಾರುತ್ತಿರುವ ಕುದುರೆ. ಮಹಾನಂದ ಹಿಂದಿನ ರಟ್ಟು ತಿರುಗಿಸಿ ನೋಡಿದಳು. ಕುದುರೆ ಜೂಜಿನ ಮೋಸದ ಮೇಲೆ ಬರೆದ ಪತ್ತೇದಾರಿ ಕಾದಂಬರಿ.

"ಇದ್ಯಾಕೆ ತಾತ ನಿಮಗೆ? ಎಲ್ಲಿ ಸಿಕ್ತು?"

"ಚಾಮರಾಜಪೇಟೇಲಿ ರದ್ದಿಯೋನ ತಕ್ಕಡಿ ಮ್ಯಾಲಿತ್ತು. ಆ ಕುದ್ರೆ ಹಣೆ ನೋಡು. ಬಾಳೆ ಎಲೆ ತುದಿ ಹಂಗೆ ಬಿಳೀ ಮಚ್ಚೆ ಐತಾ? ತೂಕಕ್ಕೆ ತಗಂಡೆ. ಮೂರು ವರ್ಷದಿಂದ ಇಟ್ಕಂಡಿವ್ನಿ, ಒಳಗೇನೈತೆ ಅಂತ ಗೊತ್ತಿಲ್ಲ. ನೀ ಯೋಳು."

ದೇವಯ್ಯ ಹರೆಯದಲ್ಲಿ ರೇಸಿನ ಕುದುರೆಗಳ ಲಾಯದಲ್ಲಿ ಸೈಸ್ ಆಗಿದ್ದರು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಕುದುರೆಯ ಮೈ ತಿಕ್ಕುವುದು, ಮೇವು ಹಾಕುವುದು, ಅದರ ಪಕ್ಕದಲ್ಲೇ ಮಲಗುವುದು ಅವರ ಕೆಲಸವಾಗಿತ್ತು. ಅಲ್ಲಿಂದ ಅವರನ್ನು ಓಡಿಸಿದ್ದರು ಎಂಬುದೂ ಗೊತ್ತಿತ್ತು. ಯಾರೂ ಅದನ್ನು ಅವರೆದುರು ಆಡುತ್ತಿರಲಿಲ್ಲ.

ಹೀಗೆ ಓದು ಶುರುವಾಯಿತು. ಎರಡನೆಯ ದಿನಕ್ಕೇ ಮಹಾನಂದಳಿಗೆ ಇದು ತಾನು ತರಗತಿಯಲ್ಲಿ ಮಾಡುವ ಪಾಠದಂಥದ್ದಲ್ಲ ಎಂದು ತಿಳಿಯಿತು. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಬೆಳೆದ ದೇವಯ್ಯನವರಿಗೆ ಕತೆಯೆಂದರೆ ತಂಬೂರಿ ಹಿಡಿದು ಬರುವ ನೀಲಗಾರರು ಬೆಳತನಕ ಹೇಳುವಂಥದ್ದು. ಅಲ್ಲಿ ಹೇಳುವವನಿಗೆ ಎಷ್ಟು ಕೆಲಸವೋ ಕೇಳುವವನಿಗೂ ಅಷ್ಟೇ ಕೆಲಸ. ಪ್ರತಿ ಮಾತಿಗೂ ಹೂಂಗುಟ್ಟಬೇಕು. ಹೂಂ ಅಂದರೆ ಬರಿಯ ಸದ್ದಲ್ಲ. ಕೇಳಿಸಿಕೊಂಡೆ, ಒಪ್ಪಿದೆ, ಮುಂದಕ್ಕೆ ನಡೆ ಎಂದು ಕತೆಗೆ ಕೊಡುವ ಅಪ್ಪಣೆ. ಹೂಂಗುಟ್ಟುವವರಿಲ್ಲದಿದ್ದರೆ ಕತೆಯೊಳಗಿನ ದೇವರು ಕೂಡ ಇಟ್ಟ ಹೆಜ್ಜೆ ಎತ್ತುವುದಿಲ್ಲವಂತೆ. ಕತೆಯಲ್ಲಿ ಯಾರಾದರೂ ಸಂಕಟದಲ್ಲಿರುವಾಗ ಎದ್ದು ಹೋಗಬಾರದು ಎನ್ನುವುದು ಇನ್ನೊಂದು ಕಟ್ಟಳೆ.

ಇಂಗ್ಲಿಷಿನ ಹೆಸರುಗಳು ಅವರ ನಾಲಿಗೆಗೆ ಹತ್ತಲಿಲ್ಲ. ಅದಕ್ಕವರು ತಾವೇ ಎಲ್ಲರಿಗೂ ನಾಮಕರಣ ಮಾಡಿದರು. ಹಣೆಯಲ್ಲಿ ಮಚ್ಚೆಯಿದ್ದ ಕುದುರೆ ಬೆಳ್ಳಿ. ಅದರ ಸೈಸ್, ನೆಡ್ ಎಂಬುವನು, ನಂಜ. ಕುದುರೆಯ ಯಜಮಾನ ದೊರೆ. ಜೂಜುಕೋರರ ಮುಖಂಡ ಕರಿಕೋಟಿನವನು. ಬೆಳ್ಳಿ ಗೆಲ್ಲಬೇಕಾದ ಓಟದಲ್ಲಿ ಕಡೆಯವಳಾಗಿ ಬಂದದ್ದು ಹೇಗೆ ಎಂದು ಪತ್ತೆಮಾಡಲು ಹೊರಟ ಕುಂಟುಕಾಲಿನ ಪಶುವೈದ್ಯ ಗೋಡಾಕ್ಟ್ರು.

"ಆ ಗೋಡಾಕ್ಟ್ರು ಇನ್ನೂ ಮದ್ವೆ ಆಗಿಲ್ವಾ?" ಎಂದು ನಡುವೆ ಕೇಳಿದ್ದರು.

"ಅದೆಲ್ಲ ಇದರಲ್ಲಿ ಬರ್ದಿಲ್ಲ ತಾತ."

"ಆಗಿರಾಕಿಲ್ಲ ಬುಡು. ಹಿಂಗೆ ಲಾಯದಲ್ಲೇ ಬಿದ್ದಿದ್ರೆ ಯಾವಳು ಕಟ್ಕತಾಳೆ? ಮೈಯೆಲ್ಲ ಲದ್ದಿ ನಾತ."

ಮಹಾನಂದ ಮನೆಗೆ ಬಂದು ಇದನ್ನೆಲ್ಲ ಹೇಳಿ ನಕ್ಕರೆ ಬಸವಮ್ಮ ಬತ್ತಿ ಹೊಸೆಯುತ್ತಲೇ, "ಊರೋರ ಸೊಸೇರೆಲ್ಲ ಶ್ರಾವಣದಲ್ಲಿ ಪುರಾಣ ಓದ್ತಾರೆ, ನಮ್ಮ ಮನೆಯೋಳು ಕುದುರೆ ಜೂಜಿನ ಕತೆ ಓದ್ತಾಳೆ. ಆಗ್ಲಿ, ಗೆದ್ದರೆ ನನಗೊಂದು ಇಳಕಲ್ ಸೀರೆ ತಂದ್ಕೊಡು," ಎನ್ನುತ್ತಿದ್ದರು.

ಆದರೆ ಈ ಓದಿನ ಪಕ್ಕದಲ್ಲೇ ಇನ್ನೊಂದು ಕಾಗದವೂ ಬೆಳೆಯುತ್ತಿತ್ತು.

ಕುದುರೆಗೆ ಏನೋ ಕೊಟ್ಟು ಸೋಲಿಸಿದರೆಂದು ದೇವಯ್ಯನವರನ್ನು ಕೆಲಸದಿಂದ ತೆಗೆದ ಲಾಯದ ಸಾಹುಕಾರರು ಈಗಿಲ್ಲ. ಅವರ ಮಗ ವರದರಾಜ ಎಂಬುವರು ಯಾವುದೋ ದಸ್ತಾವೇಜಿನ ಕೆಲಸಕ್ಕೆ ಅಂಜಮ್ಮನ ಕಚೇರಿಗೆ ಬಂದಿದ್ದರು. ಮಾತಿಗೆ ಮಾತು ಬಂದು ಅಂಜಮ್ಮ ತಾನು ಯಾರ ಮಗಳೆಂದು ಹೇಳಿದಳು. ಅವರು ಕೆಟ್ಟವರಲ್ಲ. "ನಮ್ಮ ಲಾಯಕ್ಕೆ ಈ ದಸರಾಕ್ಕೆ ಐವತ್ತು ವರ್ಷ ಆಗತ್ತಮ್ಮ. ಹಳೇ ಆಳುಗಳನ್ನೆಲ್ಲ ಕರೆದು ಶಾಲು ಹೊದಿಸೋಣ ಅಂತಿದೀನಿ. ನಿಮ್ಮ ತಂದೆ ಹೆಸರಿನ ಮೇಲೆ ಅಪ್ಪಾಜಿ ಕೆಂಪು ಗೆರೆ ಎಳೆದಿದಾರೆ. ಕುದುರೆಗೆ ನಾನೇನೂ ಕೊಟ್ಟಿಲ್ಲ ಅಂತ ಅವರ ಕೈಯಲ್ಲಿ ಒಂದು ಬರೆಸಿ ತನ್ನಿ. ಗೆರೆ ಅಳಿಸಿ ಕರೆಸ್ತೀನಿ," ಎಂದಿದ್ದರು.

ಅಂಜಮ್ಮನಿಗೆ ಆ ಮಾತು ಮಳೆ ಬಂದಂತಾಗಿತ್ತು. ಅಪ್ಪನನ್ನು ಓಡಿಸಿದಾಗ ಅವಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಅವಳು ಒಳಗೆ ಬಂದರೆ ಹಿಂದಿನ ಬೆಂಚಿನವರು ಕುದುರೆಯಂತೆ ಕೆನೆಯುತ್ತಿದ್ದರು. ಇಪ್ಪತ್ತರಲ್ಲಿ ಕೂಡಿಬಂದ ಸಂಬಂಧವೊಂದು, "ಲಂಚ ತಿಂದು ಕುದುರೆಗೆ ವಿಷ ಹಾಕ್ದೋನ ಮಗಳಂತೆ" ಎಂಬ ಒಂದೇ ಮಾತಿಗೆ ಮುರಿದುಹೋಯಿತು. ಆಮೇಲೆ ಅವಳೇ ಮದುವೆ ಬೇಡವೆಂದಳು. ಅಪ್ಪ ನಿರಪರಾಧಿ ಎಂಬುದು ಅವಳಿಗೆ ದೇವರ ಮನೆಯ ದೀಪವಿದ್ದ ಹಾಗೆ. ಒಂದು ದಿನವೂ ಆರಲು ಬಿಟ್ಟವಳಲ್ಲ. ಅರ್ಜಿಯನ್ನು ತಾನೇ ಬರೆದು, ಮಹಾನಂದಳ ಹತ್ತಿರ ಇಂಗ್ಲಿಷ್ ತಿದ್ದಿಸಿಕೊಂಡಿದ್ದಳು. 'ಆ ಪ್ರಾಣಿಗೆ ನಾನು ಏನನ್ನೂ ಕೊಟ್ಟಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ' ಎಂಬ ಸಾಲನ್ನು ಇಂಗ್ಲಿಷಿನಲ್ಲಿ ಗಟ್ಟಿ ಮಾಡಿಕೊಟ್ಟವಳು ಮಹಾನಂದಳೇ. ಸೋಮವಾರ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಅದೇ ದಿನ ದೇವಯ್ಯ ಸಹಿ ಹಾಕಬೇಕು.

ಅರ್ಜಿಯ ಮಾತು ಬಂದಾಗೆಲ್ಲ ದೇವಯ್ಯ, "ನೋಡವಾ ಬುಡು," ಎಂದು ಗೋಡೆಯ ಕಡೆ ಮುಖ ಮಾಡುತ್ತಿದ್ದರು. ವಯಸ್ಸಾದವರ ಸಂಕೋಚ ಎಂದು ಇಬ್ಬರು ಹೆಂಗಸರೂ ತಿಳಿದಿದ್ದರು.

ಎಂಟನೆಯ ದಿನ, ಶನಿವಾರ. ಬೆಳಿಗ್ಗೆ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಮಹಾನಂದ ಅಂದಿನ ಪುಟಗಳನ್ನು ಮುಂಚಿತವಾಗಿ ಓದಿಕೊಂಡಳು. ಗೋಡಾಕ್ಟ್ರು ಮೋಸವನ್ನು ಪತ್ತೆಮಾಡಿದ್ದ. ಅಲ್ಲಿ ವಿಷವೂ ಇರಲಿಲ್ಲ, ಮದ್ದೂ ಇರಲಿಲ್ಲ. ಓಟಕ್ಕೆ ಮುಂಚೆ ಕುದುರೆಗೆ ನೀರು ಕೊಡುವ ಹಾಗಿಲ್ಲ. ಹೊಟ್ಟೆ ತುಂಬ ನೀರು ಕುಡಿದ ಕುದುರೆ ಓಡಲಾರದು. ಒಂದು ಬಕೆಟ್ ನೀರಿನಲ್ಲಿ ಕೆಲಸ ಮುಗಿದಿತ್ತು. ಆ ಬಕೆಟ್ ಹಿಡಿದವನು ನಂಜ. ಬೆಳ್ಳಿಯ ಪಕ್ಕದಲ್ಲೇ ಮಲಗುತ್ತಿದ್ದ, ಅವಳ ಗೊರಸಿಗೆ ಎಣ್ಣೆ ತಿಕ್ಕುತ್ತಿದ್ದ ನಂಜ, ಕರಿಕೋಟಿನವನ ದುಡ್ಡಿಗೆ ಕೈಚಾಚಿದ್ದ.

ಎಂಟು ದಿನದಿಂದ ದೇವಯ್ಯ ಕತೆಯಲ್ಲಿ ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟಿದ್ದು ನಂಜನ ಮೇಲೆ. "ನಂಜ ಉಂಡನಾ?" ಎಂದು ಕೇಳುತ್ತಿದ್ದರು. "ನಂಜನ್ನ ಯಾರೂ ಬೈಯ್ಯಲಿಲ್ಲ ತಾನೆ?" ಹೊರಗೆ ಮಗಳು ಅಪ್ಪನ ಹೆಸರಿನ ಮೇಲಿನ ಮಸಿ ತೊಳೆಯಲು ನೀರು ಕಾಯಿಸುತ್ತಿರುವಾಗ, ಸೈಸ್‌ನೇ ಕಳ್ಳ ಎಂದು ಅವರ ಕಿವಿಯಲ್ಲಿ ಹೇಳುವುದು ಹೇಗೆ? ಅತ್ತುಬಿಟ್ಟರೆ? ಹೊಲಿಗೆ ಬಿಚ್ಚಿದರೆ? ಮಹಾನಂದ ನಿಶ್ಚಯಿಸಿದಳು. ದೂರದ ಊರಿನ ಹಳೆಯ ಪುಸ್ತಕ. ಅದರಲ್ಲಿ ಕಳ್ಳ ಯಾರಾದರೆ ಯಾರಿಗೇನು?

ಸಂಜೆ ಪುಸ್ತಕ ಬಿಚ್ಚಿ, ಗೋಡಾಕ್ಟ್ರು ಲಾಯದ ನೆಲವನ್ನು ಮತ್ತೊಮ್ಮೆ ಪರೀಕ್ಷಿಸಿದ್ದನ್ನು ಇದ್ದ ಹಾಗೆಯೇ ಹೇಳಿದಳು. ಹುಲ್ಲು ಒದ್ದೆಯಾಗಿತ್ತು. "ಹೂಂ." ಮೂಲೆಯಲ್ಲಿ ಬಕೆಟ್ ಮಗುಚಿ ಬಿದ್ದಿತ್ತು. "ಹೂಂ." ದೇವಯ್ಯನವರ ದನಿ ತಗ್ಗಿತ್ತು. ಅಲ್ಲಿಂದ ಮುಂದಕ್ಕೆ ಮಹಾನಂದ ಪುಟದಿಂದ ಕಣ್ಣು ತೆಗೆದಳು.

"ಆಗ ಡಾಕ್ಟ್ರಿಗೆ ಗೊತ್ತಾಯ್ತು. ಹಿಂದಿನ ವಾರ ಹೊಸದಾಗಿ ಸೇರಿದ್ದ ಒಬ್ಬ ಆಳು ಇದ್ನಲ್ಲ, ಅವನು ನಂಜ ಊಟಕ್ಕೆ ಹೋದಾಗ ಸದ್ದಿಲ್ಲದೆ ಒಳಗೆ ಬಂದು, ಬೆಳ್ಳಿ ಮುಂದೆ ನೀರು ಇಟ್ಟುಬಿಟ್ಟಿದ್ದ."

ಹೂಂ ಬರಲಿಲ್ಲ.

"ನಂಜನಿಗೆ ಪಾಪ ಏನೂ ಗೊತ್ತೇ ಇರಲಿಲ್ಲ," ಎಂದಳು.

ಹೂಂ ಇಲ್ಲ. ಹೊರಗೆ ಯಾರೋ ಕೊಳಾಯಿಗೆ ಬಿಂದಿಗೆ ಇಡುವ ಸದ್ದಾಯಿತು. ಮಹಾನಂದಳಿಗೆ ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದೆ ಹೋದಂತಾಯಿತು. ಮುಂದೆ ಹೇಳಲು ನೋಡಿದಳು; ಮಾತು ನಡೆಯಲಿಲ್ಲ.

"ಟೀಚರವ್ವ," ಎಂದರು ದೇವಯ್ಯ ನಿಧಾನವಾಗಿ, "ಅದು ಹಂಗಿರಾಕಿಲ್ಲ ಕಣವ್ವ."

"ಪುಸ್ತಕದಲ್ಲಿ ಹಾಗೇ ಇದೆ ತಾತ."

"ಗುರುತಿಲ್ಲದೋರ ಕೈನೀರ ಕುದ್ರೆ ಕುಡಿಯಾಕಿಲ್ಲ. ಅದೂ ಓಟದ ದಿಸ, ಮೈಯೆಲ್ಲ ಕಿವಿ ಆಗಿರ್ತದೆ. ಹೊಸಬ ಒಳೀಕೆ ಕಾಲಿಟ್ಟಿದ್ರೆ ಬೆಳ್ಳಿ ಲಾಯ ಕಿತ್ತುಹೋಗಂಗೆ ಒದೀತಿದ್ಲು. ಮೂತಿ ಇಟ್ಟು ಕುಡುದ್ಲು ಅಂದ್ರೆ, ಬಕೀಟು ಹಿಡಿದ ಕೈ ಅವಳಿಗೆ ಗೊತ್ತಿತ್ತು." ಮತ್ತೆ ಸೇರಿಸಿದರು. "ಆಗಿನಿಂದ ನೀನು ಒಂದು ಹಾಳೇನೂ ತಿರುವಲಿಲ್ಲ. ನನಗೆ ಕಣ್ಣು ಕಟ್ಟವ್ರೆ, ಕಿವಿ ಕಟ್ಟಿಲ್ಲ."

ಮೂವತ್ತೈದು ವರ್ಷದ ಟೀಚರು, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯಂತೆ ತಲೆ ತಗ್ಗಿಸಿದಳು. "ನಿಮಗೆ ನೋವಾಗತ್ತೆ ಅಂತ ತಾತ. ಡಾಕ್ಟ್ರು ಬೇರೆ..."

"ಗೊತ್ತವ್ವ. ಒಳ್ಳೆ ಮನಸ್ಸು ನಿಂದು. ಅದ್ಕೇ ಸುಳ್ಳು ಯೋಳಕ್ಕೆ ಬರಾಕಿಲ್ಲ." ಅವರ ಕೈ ಗಾಳಿಯಲ್ಲಿ ಹುಡುಕಿ ಪುಸ್ತಕದ ರಟ್ಟನ್ನು ಮುಟ್ಟಿತು. "ನಾಳೆ ಭಾನುವಾರ. ಅಂಜಿ ಮನೇಲಿರ್ತಾಳೆ. ಅವಳ ಮುಂದೆ ಓದು. ಇದ್ದದ್ದು ಇದ್ದಂಗೆ ಓದು."

ಮನೆಗೆ ಬಂದವಳ ಮುಖ ನೋಡಿ ಬಸವಮ್ಮ, "ಏನು, ನಿನ್ನ ಕುದುರೆ ಸೋತುಬಿಡ್ತಾ?" ಎಂದರು. ಮಹಾನಂದ ನಗಲಿಲ್ಲ. ಕಾಲು ತೊಳೆದು ಬಂದು ದೇವರ ಮುಂದೆ ಕೂತು, ನಡೆದದ್ದನ್ನು ಹೇಳಿದಳು. ಬಸವಮ್ಮ ಬಿಲ್ವದ ದಳಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕುತ್ತಾ ಪೂರ್ತಿ ಕೇಳಿದರು.

"ನಮ್ಮ ಮಾವನೋರು ಪುರಾಣ ಓದಿಸ್ತಿದ್ದಾಗ," ಎಂದರು ಕೊನೆಗೆ, "ಒಂದು ಸಲ ಓದೋಕೆ ಬಂದ ಅಯ್ನೋರು, ಮನೇಲಿ ಬಸುರಿ ಇದಾಳೆ ಅಂತ ನೋಡಿ, ಶರಣರಿಗೆ ಬಂದ ಕಷ್ಟದ ಭಾಗ ಎಲ್ಲ ಬಿಟ್ಟು ಓದಿಬಿಟ್ರು. ಆ ಬಸುರಿ ನಾನೇ. ಮಾವನೋರು ಏನಂದ್ರು ಗೊತ್ತಾ? ಅಯ್ನೋರೇ, ಕಷ್ಟಾನೇ ತೆಗೆದುಬಿಟ್ರೆ ಶಿವ ಬಂದು ಕೂತ್ಕೊಳ್ಳೋಕೆ ಜಾಗ ಎಲ್ಲಿದೆ, ಮತ್ತೆ ಓದಿ, ಅಂದ್ರು. ಓದಿಸಿದ್ರು. ನಾನು ಗಟ್ಟಿಯಾಗಿ ಅತ್ತೆ. ನಿನ್ನ ಗಂಡ ಕಲ್ಲುಗುಂಡಿನ ಹಾಗೆ ಹುಟ್ಟಿದ." ಅವರು ದಳಗಳ ತಟ್ಟೆಯನ್ನು ಅವಳ ಕಡೆ ಸರಿಸಿದರು. "ಏರಿಸು. ನಾಳೆ ಹೋಗಿ ಇದ್ದ ಹಾಗೆ ಓದು."

ಭಾನುವಾರ ಮೂರು ಗಂಟೆಗೆ ಹೋದಾಗ ಅಂಜಮ್ಮ ತಲೆಗೆ ನೀರು ಹಾಕಿಕೊಂಡು, ಕೂದಲು ಹರಡಿಕೊಂಡು, ಮೇಜಿನ ಮೇಲೆ ಅರ್ಜಿಯ ಮೂರು ಪ್ರತಿಗಳನ್ನು ಜೋಡಿಸಿಟ್ಟಿದ್ದಳು. ಗೋಡೆಯ ಮೇಲೆ ಬುದ್ಧನ ಪಟಕ್ಕೂ ಪಕ್ಕದ ಮಾದಪ್ಪನ ಪಟಕ್ಕೂ ಒಂದೇ ದಾರದಲ್ಲಿ ಸೇವಂತಿಗೆ ಇಳಿಬಿಟ್ಟಿದ್ದಳು. ದೇವಯ್ಯ ಎರಡು ದಿಂಬಿಗೆ ಒರಗಿ ಕೂತಿದ್ದರು.

"ಅದೇನೋ ನನ್ನ ಮುಂದೇನೇ ಓದಿಸ್ಬೇಕಂತೆ," ಎಂದಳು ಅಂಜಮ್ಮ. "ನನಗೆ ಆ ಕುದುರೆ ಸುದ್ದಿ ಕೇಳಿದ್ರೇ ಮೈ ಉರಿಯತ್ತೆ ಅಂತ ಗೊತ್ತು ಈ ಮುದುಕನಿಗೆ. ಬೇಗ ಮುಗಿಸ್ಬಿಡಿ ಟೀಚರೇ, ಕಾಫಿ ಮಾಡ್ತೀನಿ."

"ಕಾಫಿ ಆಮ್ಯಾಕೆ. ಕುಂತ್ಕ," ಎಂದರು ದೇವಯ್ಯ.

ಮಹಾನಂದ ನಿನ್ನೆಯ ಪುಟಕ್ಕೇ ಹಿಂತಿರುಗಿದಳು. ಈಗ ಕಣ್ಣು ಸಾಲಿನಿಂದ ಕದಲಲಿಲ್ಲ. ಹುಲ್ಲು ಒದ್ದೆಯಾಗಿತ್ತು, ಹೂಂ. ಬಕೆಟ್ ಮಗುಚಿತ್ತು, ಹೂಂ. ಬಕೆಟ್ ತಂದವನು ನಂಜ. "ಹೂಂ," ಎಂದರು ದೇವಯ್ಯ, ಎಂದಿಗಿಂತ ಸ್ಪಷ್ಟವಾಗಿ. ಕರಿಕೋಟಿನವನು ಅವನಿಗೆ ದುಡ್ಡು ಕೊಟ್ಟಿದ್ದ. "ಹೂಂ." ಗೋಡಾಕ್ಟ್ರು ಎದುರು ನಿಂತು ಕೇಳಿದಾಗ ನಂಜ ಬಾಯಿ ಬಿಡಲಿಲ್ಲ. ಇಲ್ಲಿ ದೇವಯ್ಯ ಹೂಂಗುಟ್ಟುವ ಬದಲು ಕೈ ಎತ್ತಿದರು.

"ಸಾಕು. ಇಲ್ಲಿಂದ ನಾನು ಯೋಳ್ತೀನಿ. ಅಂಜೀ, ನೀನು ಹೂಂಗುಟ್ಟು."

"ಏನಪ್ಪಾ ಇದು ಹುಡುಗಾಟ?"

"ಹೂಂಗುಟ್ಟು ಮಗ."

ಅವರು ಹೇಳಿದ್ದು ದೊಡ್ಡ ಕತೆಯೇನೂ ಆಗಿರಲಿಲ್ಲ. ಬೇಸಿಗೆಯ ರೇಸು. ಲಾಯದ ತಗಡಿನ ಸೂರು ಕಾದು ಹೆಂಚಾಗಿತ್ತು. ಬೆಳಗಿನಿಂದ ನೀರು ಕೊಡಕೂಡದೆಂದು ಅಪ್ಪಣೆ. ಎಲ್ಲ ಲಾಯದಲ್ಲೂ ಅದೇ ಪದ್ಧತಿ, ಸೈಸ್ ಆದವನಿಗೆ ಗೊತ್ತಿಲ್ಲದ್ದಲ್ಲ. ಕುದುರೆ ಅವರ ಅಂಗೈ ನೆಕ್ಕಿತು, ಬೆವರಿನ ಹಸಿಗೆ. ಆಮೇಲೆ ಖಾಲಿ ಬಕೆಟ್ಟಿಗೆ ಮೂತಿ ಇಟ್ಟು, ನೆಲದ ಮೇಲೆ ಅದನ್ನು ತಳ್ಳಿಕೊಂಡು ಬಂದು ಅವರ ಪಾದದ ಹತ್ತಿರ ನಿಲ್ಲಿಸಿತು.

"ನಮ್ಮವ್ವ ಯೋಳ್ತಿದ್ಲು, ಬಾಯಿಲ್ಲದ ಜೀವ ನೀರು ಕೇಳಿದ್ರೆ ಇಲ್ಲ ಅನ್ನಬ್ಯಾಡ, ಮಾದಪ್ಪ ಯಾವ ರೂಪದಲ್ಲಿ ಬರ್ತಾನೋ ಅಂತ. ಎರಡೇ ಗುಟುಕು ಅಂತ ತಂದು ಹಿಡಿದೆ. ಅವಳು ಬುಡ ಕಾಣೋವರ್ಗೂ ತಲೆ ಎತ್ತಲಿಲ್ಲ. ನಾನೂ ಕಿತ್ಕಳ್ಳಲಿಲ್ಲ. ಕಿತ್ಕಬೋದಿತ್ತು. ಕೈ ಬರಲಿಲ್ಲ."

ಅಂಜಮ್ಮನ ಹೂಂ ಎಲ್ಲೋ ನಿಂತುಹೋಗಿತ್ತು.

"ಕಡೇಲಿ ಬಂದ್ಲು. ಹೊಟ್ಟೇಲಿ ನೀರು ಕುಲುಕೋದು ದೂರಕ್ಕೆ ಕೇಳ್ತಿತ್ತು. ಯಾರ ತಾವ ದುಡ್ಡು ತಗಂಡೆ, ಯಾರ ತಾವ ದುಡ್ಡು ತಗಂಡೆ ಅಂತ ಮೂರು ದಿಸ ಕೇಳಿದ್ರು. ಯಾರ ತಾವೂ ಇಲ್ಲ ಅಂದ್ರೆ ನೀರು ಯಾಕೆ ಕೊಟ್ಟೆ ಅಂತಾರೆ. ಪಾಪ ಅಂತ ಕೊಟ್ಟೆ ಅಂದ್ರೆ ಯಾರು ನಂಬ್ತಾರೆ? ಕೊಡಲೇ ಇಲ್ಲ ಅನ್ನಾಕೆ ಬಾಯಿ ಬರಲಿಲ್ಲ. ಸುಮ್ಕಿದ್ದೆ. ಅವರು ಕಳ್ಳ ಅಂದ್ಕಂಡ್ರು. ನಿಮ್ಮವ್ವನೂ ನೀನೂ, ನಾನು ನೀರೇ ಮುಟ್ಟಿಸಿಲ್ಲ ಅಂದ್ಕಂಡ್ರಿ. ಎರಡೂ ನಿಜ ಅಲ್ಲ ಮಗ. ಅವಳನ್ನ ಅದೇ ವಾರ ಮಾರಿಬುಟ್ರು. ಎಲ್ಲಿಗೆ ಅಂತ ಯೋಳಲಿಲ್ಲ. ಅದ್ಕೇ ಇಷ್ಟು ವರ್ಷ, ಮಾರ್ಕೆಟ್ಟಲ್ಲಿ ಯಾವ ಜಟಕಾ ನಿಂತ್ರೂ ಹೋಗಿ ಕುದ್ರೆ ಹಣೇಲಿ ಆ ಬಿಳೀ ಮಚ್ಚೆ ಐತಾ ಅಂತ ನೋಡಿ ಬತ್ತಿದ್ದೆ."

ಮೇಜಿನ ಮೇಲಿನ ಅರ್ಜಿಯ ಮೇಲಿನ ಹಾಳೆ ಗಾಳಿಗೆ ಒಂದಿಷ್ಟು ಎದ್ದು ಮತ್ತೆ ಕೂತಿತು. ಅಂಜಮ್ಮ ಎದ್ದು ಕಿಟಕಿಯ ಹತ್ತಿರ ಹೋದಳು. ಬೆನ್ನು ಮಾಡಿ ನಿಂತಳು. ಒದ್ದೆ ಕೂದಲು ರವಿಕೆಯನ್ನು ನೆನೆಸಿತ್ತು.

"ಮೂವತ್ತು ವರ್ಷ," ಎಂದಳು, ತಿರುಗದೆ. "ಮೂವತ್ತು ವರ್ಷ ಬೀದೀಲಿ, ಸ್ಕೂಲಲ್ಲಿ, ಆಫೀಸಲ್ಲಿ ಎಲ್ಲರ ಹತ್ರ ಜಗಳ ಆಡಿದೀನಿ. ನಮ್ಮಪ್ಪ ಕುದುರೆಗೆ ಒಂದು ತೊಟ್ಟೂ ಕೊಟ್ಟಿಲ್ಲ ಅಂತ ನಿಮ್ಮ ಮೇಲೆ ಆಣೆ ಇಟ್ಟಿದೀನಿ. ನನಗಾದ್ರೂ ಹೇಳಬಾರದಿತ್ತಾ ಅಪ್ಪಾ?"

"ನೀನು ಅಷ್ಟು ನಂಬಿದ್ದೆ. ಅದ್ನ ಹೆಂಗೆ ಕಿತ್ಕಳ್ಳಾನೆ? ಆ ಕೈಯೂ ಬರಲಿಲ್ಲ."

ಮಹಾನಂದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವಳ ಕಣ್ಣೆಲ್ಲ ದೇವಯ್ಯನವರ ಮುಖದ ಪಟ್ಟಿಯ ಮೇಲಿತ್ತು. ಅದು ಒಣಗಿಯೇ ಇತ್ತು.

ಅಂಜಮ್ಮ ಮೇಜಿನ ಹತ್ತಿರ ಬಂದಳು. ಅರ್ಜಿಯನ್ನು ಕೈಗೆತ್ತಿಕೊಂಡಳು.

"ಇದಕ್ಕೇನು ಮಾಡ್ಲಿ?"

"ಇದ್ದದ್ದು ಬರಿ."

"ಇದ್ದದ್ದು ಬರೆದ್ರೆ ಅವರು ಕೆಂಪು ಗೆರೆ ಅಳಿಸಲ್ಲ. ದಸರಾಕ್ಕೆ ಕರೆಯೋದೂ ಇಲ್ಲ, ಶಾಲೂ ಇಲ್ಲ."

"ಗೆರೆ ಇರ್ಲಿ ಬುಡು ಮಗ. ಗೆರೆ ಕೆಳಗೆ ನನ್ನ ಹೆಸರು ಇದ್ದೇ ಅದಲ್ಲ."

ಅಂಜಮ್ಮ ಪೆನ್ನು ತೆಗೆದು, ತಾನೂ ಮಹಾನಂದಳೂ ಸೇರಿ ಗಟ್ಟಿಮಾಡಿದ್ದ ಆ ಸಾಲನ್ನು ಟೈಪಿಸ್ಟರ ನೇರ ಕೈಯಲ್ಲಿ ಒಂದೇ ಎಳೆತಕ್ಕೆ ಹೊಡೆದುಹಾಕಿದಳು. ಪಕ್ಕದ ಖಾಲಿ ಜಾಗದಲ್ಲಿ ಕನ್ನಡದಲ್ಲೇ ಬರೆಯತೊಡಗಿದಳು. ಬರೆಯುತ್ತಾ ತಲೆ ಎತ್ತದೆಯೇ ಕೇಳಿದಳು: "ಅದರ ಹೆಸರು?"

"ಬೋರ್ಡ್ ಮ್ಯಾಲೆ ಅದೇನೋ ಇಂಗ್ಲಿಷ್ ಹೆಸರಿತ್ತು. ನಾನು ಗೌರಿ ಅಂತಿದ್ದೆ."

ಗೌರಿ, ಎಂದು ಅಂಜಮ್ಮ ಬರೆದಳು. ಆಮೇಲೆ ಪೆನ್ನು ಕೆಳಗಿಟ್ಟಳು. ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಹೆಂಗಿದ್ಲಪ್ಪಾ ಅವಳು?"

ದೇವಯ್ಯ ತಡಮಾಡದೆ, ಈ ಪ್ರಶ್ನೆಗಾಗಿಯೇ ಎಷ್ಟೋ ಕಾಲದಿಂದ ಹೊಸ್ತಿಲಲ್ಲಿ ಕೂತಿದ್ದವರಂತೆ, ಹೇಳಲು ಶುರುಮಾಡಿದರು. ಬೆಲ್ಲ ಎಂದರೆ ಪ್ರಾಣ. ಗುಡುಗಿದರೆ ಅವರ ಕಂಬಳಿಯೊಳಗೆ ಮೂತಿ ತೂರಿಸುತ್ತಿದ್ದಳು. ಸಿಟ್ಟು ಬಂದರೆ ಬೆನ್ನು ತಿರುಗಿಸಿ ನಿಂತುಬಿಡುವಳು, ಎಷ್ಟು ಕರೆದರೂ ನೋಡಳು.

"ಆಮೇಲೆ?"

"ಆಮ್ಯಾಕೇನು, ಒಂದು ಗಳಿಗೆ ಅಷ್ಟೇಯ. ತಾನೇ ಬಂದು ತಲೆ ತಂದು ಒರಗಿಸೋಳು."

ಮಹಾನಂದ ಸದ್ದಾಗದಂತೆ ಎದ್ದು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡಳು. ಹೊರಗೆ ಕಾಲಿಡುವ ಮುನ್ನ ಒಮ್ಮೆ ತಿರುಗಿ ನೋಡಿದಳು. ಅಂಜಮ್ಮ ಮಂಚದ ಅಂಚಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದ್ದಳು. ದೇವಯ್ಯನವರ ಕೈ ತಡಕಾಡುತ್ತ ಬಂದು ಅವಳ ಕಿವಿಯನ್ನು ಮುಟ್ಟಿ, ಕಿವಿಯ ಹಿಂದಿನಿಂದ ಕತ್ತಿನ ಉದ್ದಕ್ಕೆ, ಕೂದಲು ಬೆಳೆದ ದಿಕ್ಕಿನಲ್ಲಿ, ಬಹಳ ನಿಧಾನವಾಗಿ ಕೆಳಗೆ ಇಳಿಯುತ್ತಿತ್ತು. ಭುಜದವರೆಗೆ ಬಂದು, ಎದ್ದು, ಮತ್ತೆ ಕಿವಿಯ ಹಿಂದಿನಿಂದ ಮೊದಲಾಗುತ್ತಿತ್ತು.